ಸೀಸೆಯ ಅಂಚಿನ ಪಾತಿ

ನಾನು ಮದುವೆಯಾಗಿ ಬಸವನಗುಡಿಯ ಆ ಮನೆಗೆ ಕಾಲಿಟ್ಟಾಗ, ಗೇಟಿನಿಂದ ಜಗಲಿಯ ತನಕ ಹಾಸಿದ್ದ ಚಪ್ಪಡಿ ಕಲ್ಲಿನ ದಾರಿಯ ಎಡಗಡೆ ಹೂವಿನ ತೋಟವಿತ್ತು, ಬಲಗಡೆ ಬರೀ ಕಲ್ಲುಮಣ್ಣಿತ್ತು. ಎಡಗಡೆಯ ತೋಟ ನಮ್ಮ ಯಜಮಾನರ ಮೊದಲ ಹೆಂಡತಿ ಮಾಡಿದ್ದು. ಆಕೆ ಹೆರಿಗೆಯಲ್ಲಿ ಮಗುವಿನ ಸಮೇತ ತೀರಿಕೊಂಡಿದ್ದರು. ಮನೆ ಆಕೆಯ ತಾಯಿಯ ಹೆಸರಿನಲ್ಲಿತ್ತು. ಆ ತಾಯಿಗೆ ಗಂಡ ಮೊದಲೇ ಹೋಗಿದ್ದರು, ಇದ್ದೊಬ್ಬ ಮಗಳೂ ಹೋದಳು. ಆದರೂ ಆ ತಾಯಿ ಅಳಿಯನನ್ನು ಬಿಟ್ಟುಕೊಡಲಿಲ್ಲ. ನೀವು ಇಲ್ಲೇ ಇರಿ, ನನ್ನ ಕಾಲವಾದ ಮೇಲೆ ಈ ಮನೆ ನಿಮ್ಮದೇ ಎಂದಿದ್ದರಂತೆ. ಆ ಮಾತನ್ನು ಹಿಡಿದುಕೊಂಡು ಇವರು ಅಲ್ಲೇ ಉಳಿದರು. ಆಮೇಲೆ ತಮ್ಮ ತಾಯಿತಂದೆಯರ ಬಲವಂತಕ್ಕೆ ನನ್ನನ್ನು ಮದುವೆಯಾದರು. ಹೀಗೆ ನಾನು ಅತ್ತೆಯ ಮನೆಗಲ್ಲ, ಸವತಿಯ ತವರಿಗೆ ಸೊಸೆಯಾಗಿ ಬಂದೆ.

ನಮ್ಮ ತಂದೆ ಚಾಮರಾಜಪೇಟೆಯಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟರು. ಹೆಣ್ಣುಮಕ್ಕಳು ಸಾಲಾಗಿದ್ದೆವು. ಎರಡನೆಯ ಸಂಬಂಧವಾದರೆ ವರದಕ್ಷಿಣೆಯ ಮಾತಿಲ್ಲ, ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಮುಂದೆ ಬಸವನಗುಡಿಯಲ್ಲಿ ಸ್ವಂತ ಮನೆ ಎಂದು ಲೆಕ್ಕ ಹಾಕಿ ಒಪ್ಪಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಬೇಡ ಎನ್ನುತ್ತಿರಲಿಲ್ಲವೇನೋ. ನಾವಿದ್ದ ಮನೆಯ ಬಾಗಿಲು ತೆರೆದರೆ ಬೀದಿ, ಹೊಸ್ತಿಲು ಇಳಿದರೆ ಚರಂಡಿ ಮುಚ್ಚಿದ ಕಲ್ಲು. ತುಳಸಿಯನ್ನು ಕೂಡ ಸೀಮೆಎಣ್ಣೆ ಡಬ್ಬದಲ್ಲಿ ಬೆಳೆಸಿದ್ದೆವು. ಗೇಟು, ಕಾಂಪೌಂಡು, ಕಾಲಿಟ್ಟರೆ ಮಣ್ಣು ಎಂದಾಗ ನನಗೆ ಒಳಗೊಳಗೇ ಹಿಗ್ಗಾಗಿತ್ತು.

ಸತ್ತವಳನ್ನು ಅಕ್ಕ ಎನ್ನಬೇಕು, ಅವಳ ತಾಯಿಯನ್ನು ಅಮ್ಮ ಎನ್ನಬೇಕು ಎಂದು ಎರಡೂ ಕಡೆಯ ಹಿರಿಯರು ಹೇಳಿಕೊಟ್ಟಿದ್ದರು. ಅಕ್ಕ ಎನ್ನುವುದು ಕಷ್ಟವಾಗಲಿಲ್ಲ. ಅಮ್ಮ ಎನ್ನುವುದು ಮೊದಲ ವಾರದಲ್ಲೇ ನಾಲಗೆಯಿಂದ ಬಿದ್ದುಹೋಯಿತು. ಎದುರಿಗೆ ಏನೂ ಕರೆಯುತ್ತಿರಲಿಲ್ಲ, ಮನಸ್ಸಿನಲ್ಲಿ ಆಯಮ್ಮ ಎನ್ನುತ್ತಿದ್ದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ.

ಆಯಮ್ಮ ಎತ್ತರದ ಹೆಂಗಸು. ಸೊಂಟ ಬಗ್ಗಿರಲಿಲ್ಲ, ಹಲ್ಲು ಬಿದ್ದಿರಲಿಲ್ಲ. ಬೆಳಗ್ಗೆ ಪೇಪರನ್ನು ಅಳಿಯನಿಗಿಂತ ಮೊದಲು ಓದುತ್ತಿದ್ದರು. ಮಗಳ ಫೋಟೋ ನಡುಮನೆಯ ಗೋಡೆಯಲ್ಲಿ, ಬಾಗಿಲಿಗೆ ನೇರವಾಗಿತ್ತು. ಒಳಗೆ ಬಂದವರು ಮೊದಲು ಅದನ್ನು ನೋಡಲೇಬೇಕು. ದಿನವೂ ಎಡಗಡೆಯ ತೋಟದ ಹೂವು ಬಿಡಿಸಿ, ತಾವೇ ಕಟ್ಟಿ, ಸ್ಟೂಲು ಹತ್ತಿ ಫೋಟೋಕ್ಕೆ ಹಾಕುತ್ತಿದ್ದರು. ಮಲ್ಲಿಗೆ ಹಂಬು, ಸುಗಂಧರಾಜ, ಕನಕಾಂಬರ, ಗುಲಾಬಿ ಎಲ್ಲ ಇತ್ತು. ಸುತ್ತ ಇಟ್ಟಿಗೆಗಳನ್ನು ಓರೆಯಾಗಿ ಅರ್ಧ ಹೂತು, ಗರಗಸದ ಹಲ್ಲಿನ ಹಾಗೆ ಅಂಚು ಕಟ್ಟಿತ್ತು. ಅದಕ್ಕೆ ಒಂದು ಬಿಟ್ಟು ಒಂದರಂತೆ ಸುಣ್ಣ, ಕೆಮ್ಮಣ್ಣು. ಅಕ್ಕ ಹಬ್ಬಕ್ಕೆ ಹಾಗೆ ಬಳಿಯುತ್ತಿದ್ದಳಂತೆ. ಅವಳು ಹೋದ ಮೇಲೂ ಆಯಮ್ಮ ಆ ಬಣ್ಣ ಮಾಸಲು ಬಿಟ್ಟಿರಲಿಲ್ಲ.

ನಾನು ಹೋದ ಮೊದಲ ಶುಕ್ರವಾರ, ತಲೆಗೆ ನೀರು ಹಾಕಿಕೊಂಡು, ಗುಲಾಬಿ ಗಿಡದಲ್ಲಿ ಒಂದು ಹೂವು ಕಿತ್ತು ಮುಡಿದೆ. ಹೊಸದಾಗಿ ಮದುವೆಯಾದವಳು, ಮನೆಯ ಅಂಗಳದ ಹೂವು. ಕೇಳಬೇಕು ಎಂಬುದೇ ತೋಚಲಿಲ್ಲ. ನಡುಮನೆಯಲ್ಲಿ ಎದುರುಮನೆಯ ಹೆಂಗಸು ಕೂತಿದ್ದರು, ಹೊಸ ಹುಡುಗಿಯನ್ನು ನೋಡಿಹೋಗಲು ಬಂದವರು. ಯಜಮಾನರು ಕಿಟಕಿಯ ಪಕ್ಕ ಪೇಪರು ಹಿಡಿದಿದ್ದರು. ನಾನು ಕಾಫಿ ಲೋಟ ಇಟ್ಟು ಬಗ್ಗಿದಾಗ ಆಯಮ್ಮ ಎದ್ದು ಬಂದು, ನನ್ನ ಜಡೆಯಿಂದ ಆ ಹೂವನ್ನು ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ. ಹೇರ್‌ಪಿನ್ನನ್ನು ನಿಧಾನವಾಗಿ ಬಿಡಿಸಿ, ಅದನ್ನು ನನ್ನ ಕೈಗೇ ಕೊಟ್ಟು, ಹೂವನ್ನು ಮಾತ್ರ ಇಟ್ಟುಕೊಂಡರು.

"ಇದು ನನ್ನ ಮಗಳು ನೆಟ್ಟ ಗಿಡ. ಇದರ ಹೂವು ಅವಳಿಗೆ. ನಿನಗೆ ಬೇಕಾದ್ರೆ ಗೇಟ್ ಹತ್ರ ಹೂವಿನವಳು ಬರ್ತಾಳೆ, ತಗೋ."

ಎದುರುಮನೆಯವರು ಲೋಟದೊಳಗೆ ನೋಡಿದರು. ಯಜಮಾನರು ಪೇಪರಿನ ಹಾಳೆ ತಿರುಗಿಸಿದರು. ನಾನು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಅಳು ಬರಲಿಲ್ಲ. ಕಿವಿಯ ತುದಿಯ ತನಕ ಬಿಸಿಯೇರಿತ್ತು.

ಅಲ್ಲಿಂದ ಮುಂದೆ, ಬೆನ್ನ ಹಿಂದೆ ಮಲ್ಲಿಗೆ ಹಂಬು ತುಂಬಿ ಬಿರಿದಿರುವಾಗ ನಾನು ಗೇಟಿನಲ್ಲಿ ನಿಂತು ಮೊಳ ಹೂವು ಕೊಳ್ಳುತ್ತಿದ್ದೆ. ಹೂವಿನವಳು ಒಮ್ಮೆ ತೋಟ ನೋಡಿ, ಒಮ್ಮೆ ನನ್ನ ಮುಖ ನೋಡಿ, ಏನೂ ಕೇಳದೆ ಬಾಳೆಲೆಯಲ್ಲಿ ಸುತ್ತಿ ಕೊಡುತ್ತಿದ್ದಳು. ಅವಳು ಕೇಳದೆ ಇದ್ದುದೇ ನನ್ನನ್ನು ಹೆಚ್ಚು ಸುಡುತ್ತಿತ್ತು. ರಾತ್ರಿಯ ಅಡಿಗೆಗೆ ತರಕಾರಿ ಹೆಚ್ಚುವಾಗ, ಬಟ್ಟೆ ಒಗೆಯುವಾಗ, ರೇಷನ್ ಅಕ್ಕಿಯ ಕಲ್ಲು ಆರಿಸುವಾಗ ಒಂದೇ ಯೋಚನೆ: ಈ ಅಂಗಳದಲ್ಲಿ ನನ್ನದೂ ಹೂವು ಬೆಳೆಯಬೇಕು, ಆಯಮ್ಮ ದಿನವೂ ಅದನ್ನು ದಾಟಿಕೊಂಡೇ ಓಡಾಡಬೇಕು.

ಮಳೆಗಾಲ ಹತ್ತಿರ ಬಂದಾಗ, ಬಲಗಡೆ ಹೂವಿನ ಪಾತಿ ಮಾಡುತ್ತೇನೆಂದು ಯಜಮಾನರಿಗೆ ಹೇಳಿದೆ. "ಅವರನ್ನೇ ಕೇಳು," ಎಂದರು. ಎಲ್ಲದಕ್ಕೂ ಅವರ ಉತ್ತರ ಅದೇ. ನಾನು ಜಗಲಿಗೆ ಹೋಗಿ ಕೇಳಿದೆ. ಆಯಮ್ಮ ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಅವರು ಬಲಗಡೆಯ ಕಲ್ಲುಮಣ್ಣಿನತ್ತ ಕೈ ತೋರಿಸಿದರು.

"ಏನಾದ್ರೂ ನೆಟ್ಕೋ. ಆದ್ರೆ ನಿನ್ನ ಮಣ್ಣು ನನ್ನ ಮಗಳ ಮಣ್ಣಿಗೆ ಬರಕೂಡದು. ಮೊದಲು ಅಂಚು ಕಟ್ಟು, ಆಮೇಲೆ ಗಿಡ."

ನಡುವೆ ಆಳಗಲದ ಕಲ್ಲುಹಾಸು ಇತ್ತು. ಮಣ್ಣು ಹಾರಿಹೋಗಿ ಸೇರುವುದೇನೂ ಇರಲಿಲ್ಲ. ಆದರೂ ಸರಿ ಎಂದೆ. ಹೀಗಾಗಿ ನನ್ನ ತೋಟದಲ್ಲಿ ಗಿಡಕ್ಕಿಂತ ಮೊದಲು ಅಂಚು ಬಂತು.

ಮೊದಲು ಕಲ್ಲಿನ ಯೋಚನೆ ಮಾಡಿದೆ. ಬಲಗಡೆ ಬಿದ್ದಿದ್ದ ಕಲ್ಲುಗಳಲ್ಲೇ ದುಂಡಗಿರುವುದನ್ನು ಆರಿಸಿ, ತೊಳೆದು, ಸಾಲಾಗಿ ಇಟ್ಟೆ. ಸಂಜೆ ಬಂದು ನೋಡಿದರೆ ಒಂದೂ ಇಲ್ಲ. ಕಲ್ಲಿನ ಸಂದಿಯಲ್ಲಿ ಚೇಳು ಸೇರುತ್ತದೆಂದು ಆಯಮ್ಮ ಕೆಲಸದವಳ ಕೈಲಿ ಎಲ್ಲವನ್ನೂ ಹೊರಗೆ ಹಾಕಿಸಿದ್ದರು. ಹಿತ್ತಲಲ್ಲಿ ಒಡೆದ ಹೆಂಚುಗಳ ರಾಶಿಯಿತ್ತು. ಅದರಲ್ಲಿ ನಾಲ್ಕು ತೆಗೆದದ್ದೇ ತಡ, ಅದು ಮನೆಯ ಹೆಂಚು, ಸೋರಿದಾಗ ಬೇಕು, ಅಲ್ಲೇ ಇಡು ಎಂದು ಒಳಗಿನಿಂದಲೇ ಹೇಳಿದರು. ಒಡೆದ ಹೆಂಚಿನಿಂದ ಯಾವ ಸೋರಿಕೆ ನಿಲ್ಲುತ್ತದೋ ನನಗೆ ಗೊತ್ತಿಲ್ಲ. ಇನ್ನು ಉಳಿದದ್ದು ಇಟ್ಟಿಗೆ. ನನಗೇ ಅದು ಇಷ್ಟವಿರಲಿಲ್ಲ, ಆದರೂ ಯಜಮಾನರ ಹತ್ತಿರ ಆ ಮಾತೆತ್ತಿದೆ. ಊಟಕ್ಕೆ ಬಡಿಸುತ್ತಿದ್ದ ಆಯಮ್ಮ ಕೇಳಿಸಿಕೊಂಡು, "ಗಂಡ ಅವಳದ್ದು, ಮನೆ ಅವಳದ್ದು. ಅಂಚಾದ್ರೂ ನಿಂದು ಅಂತ ಒಂದು ಇರ್ಲಿ," ಎಂದರು. ಯಜಮಾನರು ಹುಳಿಗೆ ಕೈ ಒಡ್ಡಿದರು.

ಆ ಮಾತು ನನ್ನ ಬೆನ್ನಿಗೆ ಬಿದ್ದ ಬರೆ. ಆದರೆ ಇಟ್ಟಿಗೆಯ ಗೊಡವೆ ಅಲ್ಲಿಗೆ ಮುಗಿಯಿತು.

ಕಂಟೋನ್ಮೆಂಟಿನ ಕಡೆ ಒಂದು ಬಂಗಲೆಯ ಅಂಗಳದಲ್ಲಿ ಬೀರು ಸೀಸೆಗಳನ್ನು ತಲೆಕೆಳಗಾಗಿ ಹೂತು ಅಂಚು ಮಾಡಿದ್ದನ್ನು ನಾನು ಹುಡುಗಿಯಾಗಿದ್ದಾಗ ನೋಡಿದ್ದೆ. ಕತ್ತು ಮಣ್ಣಿನೊಳಗೆ, ದುಂಡು ತಳ ಮೇಲೆ. ಬಿಸಿಲು ಬಿದ್ದರೆ ಕಂದು, ಹಸಿರು ಎಂದು ಮಿನುಗುತ್ತಿತ್ತು. ನಾನು ಅಂಚಿನ ಯೋಚನೆಯಲ್ಲಿದ್ದಾಗ, ಯುದ್ಧ ಮುಗಿದು ಸಿಪಾಯಿಗಳ ಕ್ಯಾಂಪಿನ ಖಾಲಿ ಸೀಸೆಗಳು ಮೂಟೆಗಟ್ಟಲೆ ಪೇಟೆಗೆ ಬಂದು ಬಿದ್ದಿದ್ದ ಕಾಲ ಅದು. ಮಾಮೂಲ್‌ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ಸಿಗುತ್ತದೆಂದು ನಮ್ಮ ತಂದೆ ಹೇಳಿದರು. ಯಜಮಾನರನ್ನು ಕರೆದುಕೊಂಡು ಹೋದೆ. ಅವರು ಅಂಗಡಿಯೊಳಗೆ ಬರಲಿಲ್ಲ. ಯಾರಾದರೂ ಆಫೀಸಿನವರು ಕಂಡಾರೆಂದು ಬೀದಿಯ ಕೊನೆಯಲ್ಲಿ ನಿಂತರು. ನಾನೇ ಒಂದೊಂದನ್ನೂ ಬೆಳಕಿಗೆ ಹಿಡಿದು, ಬಾಯಿ ಒಡೆದದ್ದನ್ನು ಬಿಟ್ಟು, ಕಂದು ಮತ್ತು ಹಸಿರು ಸಮವಾಗಿ ಆರಿಸಿದೆ. ಗೋಣಿಚೀಲಗಳಲ್ಲಿ ತುಂಬಿ ಜಟ್ಕಾ ಗಾಡಿಗೆ ಹಾಕಿಸಿದೆ. ಬಸವನಗುಡಿಗೆ ಬರುವ ತನಕ ಅವು ಕಿಣಿಕಿಣಿ ಎನ್ನುತ್ತಿದ್ದವು, ಇವರು ಪ್ರತಿ ತಿರುವಿನಲ್ಲೂ ಮುಖಕ್ಕೆ ಕರವಸ್ತ್ರ ಹಿಡಿಯುತ್ತಿದ್ದರು.

ಆಯಮ್ಮ ಗೇಟಿನಲ್ಲೇ ತಡೆದರು. ಚೀಲ ಬಿಚ್ಚಿಸಿ ನೋಡಿದರು. ಕೂಗಾಡಲಿಲ್ಲ. ಹೆಂಡದ ಬಾಟ್ಲಿ ತಮ್ಮ ಮನೆಯ ನಲ್ಲಿಯ ಕೆಳಗೆ, ತಮ್ಮ ಒಗೆಯುವ ಕಲ್ಲಿನ ಮೇಲೆ ಬರಕೂಡದು, ತೊಳೆದು ವಾಸನೆ ಹೋದ ಮೇಲೆ ಒಳಗೆ ತರಬಹುದು ಎಂದು ಯಜಮಾನರಿಗೆ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ.

ಹಾಗಾದರೆ ಉಳಿದದ್ದು ಬೀದಿಯ ತುದಿಯ ಸರ್ಕಾರಿ ನಲ್ಲಿ. ನಾನು ಹೋಗುವುದಿಲ್ಲ, ನಾಚಿಕೆಗೆ ಗುಜರಿಯವನಿಗೆ ವಾಪಸು ಕೊಡುತ್ತೇನೆ ಎಂದು ಆಯಮ್ಮ ಅಂದುಕೊಂಡಿರಬೇಕು. ನಾನು ಸೆರಗು ಸಿಕ್ಕಿಸಿಕೊಂಡು, ಹುಣಸೆಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ನಲ್ಲಿಯ ಕಟ್ಟೆಯಲ್ಲಿ ಕೂತೆ. ಒಂದೊಂದನ್ನೂ ನೆನೆಸಿ ಚೀಟಿ ಕೀಳಬೇಕು, ಒಳಗೆ ಬೂದಿ ನೀರು ಹಾಕಿ ಕುಲುಕಬೇಕು. ನೀರು ಹಿಡಿಯಲು ಬಂದ ಹೆಂಗಸರು ಕೊಡ ಇಟ್ಟುಕೊಂಡು ನಿಂತರು. ಒಬ್ಬರು, ಇದೇನಮ್ಮಾ ಎಂದರು. ತೋಟಕ್ಕೆ ಎಂದೆ. ಇನ್ನೊಬ್ಬರು ಮೂಗಿಗೆ ಸೆರಗು ಹಿಡಿದು, ಇಷ್ಟನ್ನೂ ಯಾರು ಕುಡಿದದ್ದು ಎಂದು ಪಕ್ಕದವರನ್ನು ಕೇಳಿದರು, ನನಗೆ ಕೇಳುವ ಹಾಗೆ. ಸ್ಕೂಲಿನಿಂದ ಬರುವ ಮಕ್ಕಳು, ಆಫೀಸಿನಿಂದ ಬರುವ ಗಂಡಸರು, ಎಲ್ಲರೂ ನೋಡಿದರು. ಕೈಬೆರಳುಗಳು ಸುಕ್ಕುಗಟ್ಟಿ ಬಿಳಿಚಿಕೊಂಡವು. ಜಗಲಿಯ ಕಂಬದ ಪಕ್ಕದಿಂದ ಆಯಮ್ಮ ನೋಡುತ್ತಿದ್ದರು. ನಾನು ಕೊನೆಯದನ್ನು ತೊಳೆದು ಬೆಳಕಿಗೆ ಹಿಡಿದು ನೋಡುವ ತನಕ ಅವರು ಒಳಗೆ ಹೋಗಲಿಲ್ಲ, ನಾನೂ ಏಳಲಿಲ್ಲ.

ಮಾರನೆಯ ದಿನ ಗೂಟ ಹೊಡೆದು ದಾರ ಕಟ್ಟಿದೆ. ಹಾರೆಯಲ್ಲಿ ಗುಣಿ ತೋಡಿ ಸೀಸೆಗಳನ್ನು ಒಂದಕ್ಕೊಂದು ಒತ್ತಿ ಹೂತೆ, ಒಂದು ಕಂದು, ಒಂದು ಹಸಿರು. ಆಯಮ್ಮ ಜಗಲಿಯಲ್ಲಿ ಕೂತು ದಾರವನ್ನೇ ನೋಡುತ್ತಿದ್ದರು. ಒಂದೆಡೆ ದಾರ ಕಲ್ಲುಹಾಸಿನ ಕಡೆ ಬೆರಳಗಲ ಸರಿದಿದೆ ಎಂದರು. ನೋಡಿದೆ, ಸರಿದಿತ್ತು. ಅಲ್ಲಿಯ ತನಕ ಹೂತದ್ದನ್ನೆಲ್ಲ ಕಿತ್ತು ಮತ್ತೆ ಹೂತೆ. ಅವರ ಕಣ್ಣಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ, ಅದನ್ನು ನಾನು ಒಪ್ಪಲೇಬೇಕು.

ಲಾಲ್‌ಬಾಗಿನಿಂದ ಸೇವಂತಿಗೆಯ ಸಸಿ ತಂದೆ. ಹಳದಿ, ಬಿಳಿ, ಇನ್ನೊಂದು ಕಡುಗೆಂಪು, ದ್ರಾಕ್ಷಿಯ ಬಣ್ಣಕ್ಕೆ ತಿರುಗಿದ ಕೆಂಪು. ಆ ಬಣ್ಣ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಜೊತೆಗೆ ಡೇರೆ ಗೆಡ್ಡೆ, ಕಾಕಡ, ಚೆಂಡುಹೂವು. ಗಿಡದ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಹಸಿ ಸಗಣಿ ಹಾಕಿ ಮೊದಲ ಡೇರೆಗಳನ್ನು ಕೊಳೆಸಿದೆ. ಆಮೇಲೆ ಕಲಿತೆ. ನವರಾತ್ರಿಯ ಹೊತ್ತಿಗೆ ಸೇವಂತಿಗೆ ಮೊಗ್ಗು ಕಟ್ಟಿತು. ಬೆಳಗ್ಗೆ ಎದ್ದು ಬಂದು ಮೊಗ್ಗು ಮುಟ್ಟಿ ನೋಡುವುದು, ಸಂಜೆ ಬಿಸಿಲು ವಾಲಿದಾಗ ಸೀಸೆಗಳು ಹೊಳೆಯುವುದನ್ನು ನೋಡುವುದು. ಆ ಮನೆಯಲ್ಲಿ ನನಗಿದ್ದ ಸುಖ ಅಷ್ಟೇ.

ಒಂದು ಬೆಳಗ್ಗೆ ಹಾಲು ಕಾಯಿಸುತ್ತಿದ್ದೆ. ಅಂಗಳದಲ್ಲಿ ಏನೋ ಸದ್ದು. ಕಿಟಕಿಯಿಂದ ನೋಡಿದರೆ ಗೇಟು ತೆರೆದಿತ್ತು, ಬೀದಿಯ ಹಸುವೊಂದು ನನ್ನ ಪಾತಿಯಲ್ಲಿ ನಿಂತು ಮೇಯುತ್ತಿತ್ತು. ಎದುರಿಗೆ, ಕಲ್ಲುಹಾಸಿನ ಆ ಕಡೆ, ಆಯಮ್ಮ ಕೋಲು ಹಿಡಿದು ನಿಂತಿದ್ದರು. ಹಸು ಎಡಗಡೆಗೆ ಮೂತಿ ತಿರುಗಿಸಿದರೆ ಕೋಲೆತ್ತುತ್ತಿದ್ದರು. ಅದು ನನ್ನ ಗಿಡಗಳ ಕಡೆ ತಿರುಗಿದರೆ ಕೋಲು ಇಳಿಯುತ್ತಿತ್ತು. ಹೊಡೆಯಲಿಲ್ಲ, ಓಡಿಸಲಿಲ್ಲ, ಮಗಳ ಪಾತಿಗೆ ಕಾವಲು ಮಾತ್ರ.

ನಾನು ಓಡಿಬಂದು ಹಸುವನ್ನು ಹೊರಗಟ್ಟಿದೆ. ಮೊಗ್ಗೆಲ್ಲ ಹೋಗಿತ್ತು, ಕಾಂಡಗಳು ತುಳಿದು ಮುರಿದಿದ್ದವು.

"ಗೇಟು ಯಾರು ತೆಗೆದಿದ್ದು?" ಎಂದೆ.

"ನಾನೇ. ಪೇಪರ್ ತಗೊಳ್ಳೋಕೆ ತೆಗೆದೆ."

"ಓಡಿಸೋಕೆ ಆಗ್ಲಿಲ್ವಾ?"

"ನಿನ್ನ ಪಾತಿ ಮುಟ್ಟಬೇಡಿ ಅಂತ ನೀನೇ ಹೇಳಿದ್ದೆ," ಎಂದರು. ನಾನು ಹಾಗೆ ಹೇಳಿದ್ದು ನಿಜ, ಕೆಲಸದವಳಿಗೆ, ಬೇರೆ ಯಾವುದೋ ಮಾತಿನಲ್ಲಿ.

ಯಜಮಾನರು ಎದ್ದು ಬಂದು ನೋಡಿ, ಹಸು ಅಲ್ಲವಾ, ಗೋಗ್ರಾಸ ಅಂದುಕೋ ಎಂದರು. ಅವತ್ತು ನಾನು ಅವರಿಗೆ ಬಡಿಸಲಿಲ್ಲ. ಅವರು ತಾವೇ ಬಡಿಸಿಕೊಂಡು ತಿಂದು ಆಫೀಸಿಗೆ ಹೋದರು.

ಬುಡ ಉಳಿದಿತ್ತು. ಅದರಿಂದ ಮರಿ ಒಡೆಯಿತು. ಮುಂದಿನ ಮಳೆಗಾಲಕ್ಕೆ ಮರಿಗಳನ್ನು ಬಿಡಿಸಿ ನೆಟ್ಟೆ. ಗೇಟಿಗೆ ಹೊಸ ಚಿಲಕ ಹಾಕಿಸಿದೆ, ಆಯಮ್ಮ ಪೇಪರು ತೆಗೆದುಕೊಳ್ಳುವ ಮೊದಲೇ ಎದ್ದು ಅಂಗಳದಲ್ಲಿರುತ್ತಿದ್ದೆ. ಪೇಪರಿನ ಹುಡುಗ ಬಂದರೆ ನಾನೇ ತೆಗೆದುಕೊಂಡು ಜಗಲಿಯ ಮೇಲೆ ಇಡುತ್ತಿದ್ದೆ. ಆ ವರ್ಷ ನನ್ನ ಪಾತಿ ಬೆಳೆದ ಹಾಗೆ ಆ ಬೀದಿಯಲ್ಲಿ ಯಾವ ಪಾತಿಯೂ ಬೆಳೆಯಲಿಲ್ಲ. ದಾರಿಯಲ್ಲಿ ಹೋಗುವವರು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡುತ್ತಿದ್ದರು. ನಲ್ಲಿಯ ಹತ್ತಿರ ಮೂಗು ಮುಚ್ಚಿಕೊಂಡಿದ್ದ ಹೆಂಗಸೇ ಒಂದು ದಿನ ಬಂದು ಡೇರೆಯ ಗೆಡ್ಡೆ ಕೇಳಿದರು. ಕೊಡಲಿಲ್ಲ.

ಎಡಗಡೆಯ ತೋಟ ಮಾತ್ರ ಸೊರಗುತ್ತ ಬಂತು. ಅಕ್ಕ ಬಿಟ್ಟುಹೋದ ಕೊಂಬೆಗೆ ಕತ್ತರಿ ಹಾಕಲು ಆಯಮ್ಮ ಯಾರಿಗೂ ಬಿಡುತ್ತಿರಲಿಲ್ಲ. ಗುಲಾಬಿ ಸವರದೆ ಉದ್ದುದ್ದ ಒಣಕಡ್ಡಿಯಾಯಿತು. ಮಲ್ಲಿಗೆಗೆ ಗೆದ್ದಲು ಹತ್ತಿತು. ಕೊಂಬೆ ಸವರಿದರೆ ಚಿಗುರುತ್ತದೆಂದು ನನಗೆ ಆಗ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ದರೂ ನಡೆಯುತ್ತಿರಲಿಲ್ಲ. ದಿನದಿನದ ಮಾಲೆ ಗಿಡ್ಡವಾಗುತ್ತ ಬಂದು, ಕಡೆಗೆ ಫೋಟೋದ ಮೂಲೆಗೆ ಸಿಕ್ಕಿಸಿದ ಎರಡು ಕನಕಾಂಬರಕ್ಕೆ ನಿಂತಿತು. ಪೇಟೆಯ ಹೂವನ್ನು ಮಗಳಿಗೆ ಹಾಕುವುದಿಲ್ಲವೆಂದು ಆಯಮ್ಮನ ಹಟ.

ಕಾರ್ತಿಕದ ಕೊನೆಯಲ್ಲಿ ಅಕ್ಕನ ತಿಥಿ. ಹಿಂದಿನ ದಿನ ಸಂಜೆ ಕಾಫಿ ಕುಡಿಯುತ್ತ ಯಜಮಾನರು ಮೆಲ್ಲಗೆ ಮಾತು ತೆಗೆದರು. ಫೋಟೋಕ್ಕೆ ಒಂದು ಮಾಲೆಯಾಗುವಷ್ಟು ಸೇವಂತಿಗೆ ಬೇಕು, ನಿನ್ನದು ಅಷ್ಟೊಂದು ಬಿಟ್ಟಿದೆಯಲ್ಲ ಎಂದರು.

"ಅವರು ಬಂದು ಕೇಳ್ಲಿ, ಕೊಡ್ತೀನಿ," ಎಂದೆ.

"ಅವರು ಹ್ಯಾಗೆ ಕೇಳ್ತಾರೆ?"

"ಬಾಯಲ್ಲಿ."

ಅವರು ಲೋಟ ಇಟ್ಟು ಎದ್ದುಹೋದರು.

ಬೆಳಗ್ಗೆ ನಾನು ಮಡಿಯುಟ್ಟು ಅಡಿಗೆಗೆ ಇಳಿದಿದ್ದೆ. ತಿಥಿಯ ಅಡಿಗೆ ಮಾಡುವುದೂ ನನ್ನ ಪಾಲಿನದೇ. ಪುರೋಹಿತರು ಬಂದಾಗಿತ್ತು. ಬಾಳೆಲೆ ತರಲು ಹೊರಗೆ ಬಂದಾಗ ಪಾತಿಯತ್ತ ಕಣ್ಣು ಹೋಯಿತು. ಕಡುಗೆಂಪು ಸೇವಂತಿಗೆಯ ಗಿಡಗಳ ತಲೆ ಬೋಳಾಗಿತ್ತು. ಹೂವು ಬಿಡಿಸಿ ಅಭ್ಯಾಸವಿಲ್ಲದವರು ಜಗ್ಗಿ ಕಿತ್ತದ್ದು. ತೊಟ್ಟಿನ ಜೊತೆ ತೊಗಟೆ ಸುಲಿದು ಬಂದಿತ್ತು. ಹಸುವಿನ ಕೆಲಸವಲ್ಲ. ಗೇಟಿನ ಚಿಲಕ ಹಾಕಿಯೇ ಇತ್ತು.

ಕೊಯ್ದು ತೊಳೆದ ಬಾಳೆಲೆಗಳನ್ನು ಕೈಯಲ್ಲೇ ಹಿಡಿದು ನಡುಮನೆಗೆ ಹೋದೆ. ಪುರೋಹಿತರು ದರ್ಭೆ ಬಿಡಿಸುತ್ತಿದ್ದರು. ಯಜಮಾನರು ಪಂಚೆಯುಟ್ಟು ಮಣೆಯ ಮೇಲೆ ಕೂತಿದ್ದರು. ಫೋಟೋದ ಮೇಲೆ ಕಡುಗೆಂಪು ಮಾಲೆ. ಆಯಮ್ಮ ಅದನ್ನು ನೋಡುತ್ತ ನಿಂತಿದ್ದರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಆ ಮೊದಲು ಕಂಡಿರಲಿಲ್ಲ. ಪುರೋಹಿತರಿಗೆ ಹೇಳುತ್ತಿದ್ದರು: ಮಲ್ಲೇಶ್ವರದಲ್ಲಿ ಅಳಿಯಂದಿರ ಸ್ನೇಹಿತರೊಬ್ಬರ ತೋಟದ ಹೂವಂತೆ, ಬೆಳಗ್ಗೆ ಕತ್ತಲಲ್ಲೇ ಹೋಗಿ ತಂದಿದ್ದಾರೆ, ಕೊಂಡದ್ದಲ್ಲ, ಪ್ರೀತಿಯಿಂದ ಕೊಟ್ಟದ್ದು ಎಂದು.

ನಾನು ಬಾಗಿಲಲ್ಲೇ ನಿಂತು ಹೇಳಿದೆ. "ಅದು ನನ್ನ ಗಿಡದ ಹೂವು."

 ಆಯಮ್ಮ ನನ್ನನ್ನು ನೋಡಲಿಲ್ಲ. ಹೊರಗೆ ಹೋಗಿ, ಪಾತಿಯ ಮುಂದೆ ನಿಂತು ನೋಡಿ, ಒಳಗೆ ಬಂದು, ಅಳಿಯನ ಎದುರು ನಿಂತರು.

"ಹೌದಾ?"

ಯಜಮಾನರು ಹೊತ್ತಾಗ್ತಿದೆ, ಆಮೇಲೆ ಮಾತಾಡೋಣ ಎಂದರು.

ಆಯಮ್ಮ ಸ್ಟೂಲು ಎಳೆದುಕೊಂಡು ಹತ್ತಿದರು. ಮಾಲೆ ತೆಗೆದು, ನಾನು ಊಟಕ್ಕೆಂದು ತೊಳೆದು ತಂದಿದ್ದ ಬಾಳೆಲೆಗಳಲ್ಲಿ ಒಂದನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ಮೇಲಿಟ್ಟರು. ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಹೋಗಿ, ಸೀಸೆಗಳ ಆಚೆ, ನನ್ನ ಮಣ್ಣಿನ ಮೇಲೆ ಇಳಿಸಿ ಬಂದರು. ಕೈ ತೊಳೆದುಕೊಂಡರು. ಬರಿಯ ಫೋಟೋದ ಮುಂದೆ ತಿಥಿ ನಡೆಯಿತು.

ಪುರೋಹಿತರು ಊಟ ಮಾಡಿ ಹೋದ ಮೇಲೆ ಅವರು ಅಳಿಯನಿಗೆ ಹೇಳಿದ್ದು ಇಷ್ಟು:

"ಅವಳು ನನಗೆ ಆಗಲ್ಲ, ನಾನು ಅವಳಿಗೆ ಆಗಲ್ಲ. ಅದನ್ನ ಇಬ್ರೂ ಮುಚ್ಚಿಟ್ಟಿಲ್ಲ. ನೀವು ನನ್ನ ಮಗಳ ಮುಖದ ಮುಂದೆ ನಿಂತು ಸುಳ್ಳು ಹೇಳಿದ್ರಿ. ಬೇರೆ ಮನೆ ನೋಡ್ಕೊಳ್ಳಿ."

ಯಜಮಾನರು ನನ್ನ ಮೇಲೆ ರೇಗಿದರು. ನಿನ್ನ ಬಾಯಿಂದ ಮನೆ ಹೋಯಿತು ಎಂದರು. ಒಂದು ಮಾಲೆ ಹೂವಿಗೆ ಬಸವನಗುಡಿಯ ಮನೆ ಹೋಯಿತು ಎಂದು ತಮ್ಮ ಅಣ್ಣತಮ್ಮಂದಿರ ಎದುರೂ ಹೇಳಿದರು. ನಾನು ಎದುರಾಡಲಿಲ್ಲ. ಆದರೆ ಅಂದಿನಿಂದ ಅವರು ಏನು ಹೇಳಿದರೂ ಅದನ್ನು ಇನ್ನೊಬ್ಬರ ಬಾಯಿಂದ ಕೇಳಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ನನಗೆ ಬಂದುಬಿಟ್ಟಿತು. ಆಯಮ್ಮನ ಮೇಲೆ ನನಗಿದ್ದುದು ದ್ವೇಷ. ಇವರ ಮೇಲೆ ಹುಟ್ಟಿದ್ದು ಬೇರೆ, ಅದರ ಜೊತೆ ಸಂಸಾರ ಮಾಡುವುದು ಹೆಚ್ಚು ಕಷ್ಟ.

ಶ್ರೀರಾಂಪುರದಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ನಾಲ್ಕು ಸಂಸಾರಕ್ಕೆ ಒಂದು ನಲ್ಲಿ, ಹಿಡಿ ಮಣ್ಣಿಲ್ಲದ ಸಿಮೆಂಟಿನ ಅಂಗಳ. ಗಿಡ ತೆಗೆದುಕೊಂಡು ಹೋಗಿ ಪ್ರಯೋಜನವಿರಲಿಲ್ಲ. ಹಾಗೇ ಬಿಟ್ಟು ಹೋಗೋಣವೆಂದಿದ್ದೆ. ಸಾಮಾನು ಗಾಡಿಗೆ ಏರುತ್ತಿರುವಾಗ ಆಯಮ್ಮ ಜಗಲಿಯಿಂದ, ನೇರವಾಗಿ ನನಗೇ ಹೇಳಿದರು.

"ನಿನ್ನ ಬಾಟ್ಲಿ ತಗೊಂಡ್ಹೋಗು. ಒಂದೂ ಉಳೀಕೂಡದು."

ಹಾರೆ ಕೇಳಿದೆ. ಕೊಡಲಿಲ್ಲ, ಅದು ಮನೆಯದು. ಗಾಡಿಗೆ ಹಾಕಿದ್ದ ಸಾಮಾನಿನಲ್ಲಿ ಹುಡುಕಿ ದೋಸೆಯ ಮೊಗಚುವ ಕೈ ತೆಗೆದು, ಅದರಲ್ಲೇ ಮಣ್ಣು ಕೆದರಿ ಒಂದೊಂದನ್ನೇ ಕಿತ್ತೆ. ಎರಡು ಮಳೆಗಾಲಕ್ಕೆ ಅವು ಬೇರು ಬಿಟ್ಟ ಹಾಗೆ ಕಚ್ಚಿಕೊಂಡಿದ್ದವು. ಕೆಲವು ಒಡೆದವು, ಒಂದು ಚೂರು ಅಂಗೈ ಸೀಳಿತು. ಗಾಡಿಯವನು ಬಿಡಿ ತಾಯಿ ಎಂದ, ಯಜಮಾನರು ಸಾಕು ಎಂದರು. ಆಯಮ್ಮ ನಾನು ಒಡೆದ ಚೂರುಗಳನ್ನೂ ಆರಿಸುವ ತನಕ ನೋಡಿದರು. ಆಮೇಲೆ ನಾನು ಗಿಡಗಳನ್ನೂ ಬಿಡಲಿಲ್ಲ. ಬೇರುಸಹಿತ ಕಿತ್ತು ಕಾಂಪೌಂಡಿನ ಹೊರಗೆ ಹಾಕಿದೆ, ಹಸುವೋ ಕತ್ತೆಯೋ ತಿನ್ನಲಿ ಎಂದು. ಗಾಡಿ ಹೊರಡುವಾಗ ತಿರುಗಿ ನೋಡಿದರೆ ಆಯಮ್ಮ ಬಕೆಟ್ಟು ಹಿಡಿದು ಬಲಗಡೆಯ ಮಣ್ಣಿಗೆ ಸಗಣಿನೀರು ಚಿಮುಕಿಸುತ್ತಿದ್ದರು, ಹೆಣ ಎತ್ತಿದ ಜಾಗಕ್ಕೆ ಚಿಮುಕಿಸುವ ಹಾಗೆ.

ಕೆಲವು ವರ್ಷಗಳ ಮೇಲೆ, ನಮ್ಮ ಎರಡನೆಯ ಮಗು ತೊಟ್ಟಿಲಲ್ಲಿದ್ದಾಗ, ಆಯಮ್ಮನ ಒಡಹುಟ್ಟಿದ ತಮ್ಮ ಬಂದು, ಆಯಮ್ಮನಿಗೆ ಹುಷಾರಿಲ್ಲ, ಇನ್ನು ಹೆಚ್ಚು ದಿನ ಇಲ್ಲ ಎಂದರು. ಯಜಮಾನರು ನೋಡಲು ಹೋದರು. ನಾನು ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಅವರು ಎರಡು ದಿನ ಅಲ್ಲೇ ಇದ್ದು, ಎಲ್ಲ ಮುಗಿಸಿ, ಒದ್ದೆ ಪಂಚೆಯಲ್ಲಿ ಬಂದು ನಲ್ಲಿಯ ಕೆಳಗೆ ಮತ್ತೆ ಸ್ನಾನ ಮಾಡಿದರು. ಮನೆ ಆಯಮ್ಮನ ತಮ್ಮನ ಪಾಲಾಗಿತ್ತು. ಅದನ್ನು ಹೇಳುವಾಗ ಅವರ ದನಿಯಲ್ಲಿ ಆಸೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಕಾಫಿ ಕೊಟ್ಟೆ.

"ಕೊನೇಲಿ ನಿನ್ನ ವಿಷಯ ಒಂದು ಮಾತು ಹೇಳಿದ್ರು," ಎಂದರು.

"ನನಗೆ ಹೇಳ್ಬೇಡಿ."

"ಏನು ಅಂತಾನೂ ಕೇಳಲ್ವಾ?"

"ಅವರಿಗೆ ಹೇಳೋದಿದ್ದಿದ್ರೆ ನನ್ನನ್ನೇ ಕರೆಸಿ ಹೇಳ್ತಿದ್ರು. ನಿಮ್ಮ ಬಾಯಿಂದ ಬಂದ್ರೆ ಅದು ಅವರ ಮಾತೋ, ನಿಮ್ಮ ಮಾತೋ, ನನಗೆ ಹ್ಯಾಗೆ ಗೊತ್ತಾಗ್ಬೇಕು?"

 ಮಗು ಎದ್ದು ಅಳತೊಡಗಿತು. ನಾನು ಎತ್ತಿಕೊಂಡು ಒಳಗೆ ಹೋದೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಈಗ ಅವರೂ ಇಲ್ಲ.